ಘಟ್ಟದಲ್ಲಿ ಕಾರು ಬಿಸಿಯಾದರೆ: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಕೊನೆಯಿಂದ ಮೊದಲ ಮಳೆ ಬೀಳುವವರೆಗೆ ದೇವಿಮನೆ, ಅರಬೈಲು, ಗೇರುಸೊಪ್ಪ, ಅಣಶಿ, ಯಾವ ಘಟ್ಟಕ್ಕೆ ಹೋದರೂ ಬಾನೆಟ್ ಎತ್ತಿ ನಿಂತ ಕಾರು ಒಂದಾದರೂ ಕಾಣಿಸುತ್ತದೆ. ಮನೆಯವರೆಲ್ಲ ಮರದ ನೆರಳಲ್ಲಿ ನಿಂತಿರುತ್ತಾರೆ, ಕೈಯಲ್ಲಿ ಕುಡಿಯುವ ನೀರಿನ ಬಾಟಲಿ. ಒಂದು ಮೇ ತಿಂಗಳಲ್ಲಿ ನಾನೂ ಹಾಗೇ ನಿಂತಿದ್ದೆ. ನಾನು ಮೆಕ್ಯಾನಿಕ್ ಅಲ್ಲ, ಕುಮಟಾ–ಶಿರಸಿ ನಡುವೆ ವಾರಕ್ಕೆರಡು ಸಲ ಓಡಾಡುವವನು. ಆ ದಿನದ ನಂತರ ಗ್ಯಾರೇಜಿನಲ್ಲಿ ಕೂತು, ಕೇಳಿ, ಕೈ ಮಸಿ ಮಾಡಿಕೊಂಡು ಕಲಿತದ್ದು ಇದು. ಊರಿನವರು, ನೆಂಟರು ಫೋನ್ ಮಾಡಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ, ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ನಮ್ಮಲ್ಲಿ ಬಳ್ಳಾರಿ, ರಾಯಚೂರಿನಷ್ಟು ಬಿಸಿಲಿಲ್ಲ. ಆದರೂ ಗಾಡಿ ಯಾಕೆ ಬಿಸಿಯಾಗುತ್ತದೆ?

ಬರೀ ಬಿಸಿಲಿಗೆ ಒಳ್ಳೆ ಸ್ಥಿತಿಯಲ್ಲಿರುವ ಕಾರು ಬಿಸಿಯಾಗುವುದಿಲ್ಲ. ಇದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ. ಎಂಜಿನ್ ಒಳಗಿನ ನೀರು ಓಡುವಾಗ 90 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಹೊರಗೆ 28 ಇದ್ದರೂ 36 ಇದ್ದರೂ ರೇಡಿಯೇಟರ್ ಅದನ್ನು ನಿಭಾಯಿಸಬೇಕು, ಅದನ್ನು ಮಾಡಿರುವುದೇ ಹಾಗೆ. ಚಳಿಗಾಲದಲ್ಲಿ ಅರ್ಧ ಕಟ್ಟಿದ ರೇಡಿಯೇಟರ್, ಸೊರಗಿದ ಫ್ಯಾನು, ಸಣ್ಣ ಸೋರಿಕೆ ಹೇಗೋ ನಡೆದುಹೋಗುತ್ತವೆ. ಏಪ್ರಿಲ್ ಬಂದಾಗ ಆ ದೋಷಕ್ಕೆ ಅಡಗಿಕೊಳ್ಳಲು ಜಾಗ ಸಿಗುವುದಿಲ್ಲ, ಅಷ್ಟೇ.

ನಮ್ಮ ಕಡೆಯ ಸೆಕೆ ಇನ್ನೊಂದು ಕಾರಣ. ಸೆಕೆಯ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ. ಎಸಿ ಆ ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಅದರೊಳಗಿನ ನೀರನ್ನೂ ಹಿಂಡಬೇಕು, ಕಾರಿನ ಕೆಳಗೆ ತೊಟ್ಟಿಕ್ಕುವುದು ಅದೇ ನೀರು. ಅಷ್ಟು ಕೆಲಸದ ಬಿಸಿಯೆಲ್ಲ ಎಸಿಯ ಮುಂದಿನ ಭಾಗವಾದ ಕಂಡೆನ್ಸರ್‌ನಿಂದ ಹೊರಗೆ ಬರುತ್ತದೆ, ಮತ್ತು ಕಂಡೆನ್ಸರ್ ಕೂತಿರುವುದು ರೇಡಿಯೇಟರ್‌ನ ಎದುರಿಗೇ. ಅಂದರೆ ರೇಡಿಯೇಟರ್‌ಗೆ ಸಿಗುವ ಗಾಳಿ ಆಗಲೇ ಬಿಸಿ. ಇದಕ್ಕೆ ಉಪ್ಪು ಗಾಳಿ, ಕೆಂಪು ಧೂಳು, ಸಮುದ್ರದ ಮಟ್ಟದಿಂದ ಶುರುವಾಗಿ ಶಿರಸಿಯ ಹತ್ತಿರಹತ್ತಿರ 600 ಮೀಟರ್ ಎತ್ತರಕ್ಕೆ ಹತ್ತುವ ರಸ್ತೆ ಎಲ್ಲ ಸೇರಿಸಿ ನೋಡಿ.

ಕೂಲಿಂಗ್ ಸಿಸ್ಟಮ್ ಅಂದರೆ ಏನೇನು? ನನಗೆ ರೇಡಿಯೇಟರ್ ಒಂದೇ ಗೊತ್ತು.

ವಾಟರ್ ಪಂಪ್ ಕೂಲೆಂಟನ್ನು, ಅಂದರೆ ಎಂಜಿನ್ ತಂಪು ಮಾಡುವ ದ್ರವವನ್ನು, ಎಂಜಿನ್ ಸುತ್ತ ತಳ್ಳುತ್ತದೆ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ವಾಲ್ವ್ ಮುಚ್ಚಿರುತ್ತದೆ, 82ರಿಂದ 90 ಡಿಗ್ರಿ ಹತ್ತಿರ ಬಂದಾಗ ತೆರೆದು ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುತ್ತದೆ. ರೇಡಿಯೇಟರ್‌ನಲ್ಲಿ ಗಾಳಿ ತಾಗಿ ತಣ್ಣಗಾಗಿ ಮತ್ತೆ ವಾಪಸ್. ಗಾಡಿ ಓಡುವಾಗ ಎದುರುಗಾಳಿಯೇ ಸಾಕು, ನಿಂತಾಗ ಅಥವಾ ನಿಧಾನವಾಗಿ ಹೋಗುವಾಗ ಫ್ಯಾನ್ ಬೇಕು.

ಇನ್ನೊಂದು ಭಾಗವಿದೆ, ಯಾರೂ ಅದರ ಕಡೆ ನೋಡುವುದಿಲ್ಲ: ರೇಡಿಯೇಟರ್ ಕ್ಯಾಪ್. ಅದು ಬರೀ ಮುಚ್ಚಳ ಅಲ್ಲ, ಒಳಗೆ ಒತ್ತಡ ಹಿಡಿದಿಡುವ ವಾಲ್ವ್. ತುಂಬಾ ಕಾರುಗಳಲ್ಲಿ ಅದರ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ, ಅದು ಒತ್ತಡದ ಅಳತೆ, ಹೆಚ್ಚುಕಡಿಮೆ ಬಾರ್ ಲೆಕ್ಕ. ಸುಮಾರು 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಬರೀ ನೀರು ಕೂಡ 120 ಡಿಗ್ರಿವರೆಗೆ ಕುದಿಯುವುದಿಲ್ಲ. ಅರ್ಧಕ್ಕರ್ಧ ಕೂಲೆಂಟ್ ಇದ್ದರೆ ಸುಮಾರು 129ರವರೆಗೆ ತಡೆಯುತ್ತದೆ. ಕ್ಯಾಪಿನ ರಬ್ಬರ್ ಬಿರುಕು ಬಿಟ್ಟರೆ ಈ ಲಾಭವೆಲ್ಲ ಹೋಯಿತು. ರೇಡಿಯೇಟರ್, ಪಂಪ್ ಎಲ್ಲ ಬದಲಿಸಿ ಸಾವಿರಾರು ರೂಪಾಯಿ ಸುರಿದ ಮೇಲೆ, ತಪ್ಪು ಕ್ಯಾಪಿನದ್ದು ಎಂದು ಗೊತ್ತಾದವರನ್ನು ನಾನು ನೋಡಿದ್ದೇನೆ. ಕ್ಯಾಪ್ ಬದಲಿಸುವಾಗ ಅದೇ ಸಂಖ್ಯೆಯದ್ದನ್ನೇ ಹಾಕಿ.

ನಮ್ಮ ಬಾವಿ ನೀರು ಸಿಹಿ, ಕುಡಿಯುತ್ತೇವೆ. ಅದನ್ನೇ ರೇಡಿಯೇಟರ್‌ಗೆ ಹಾಕಿದರೆ ಏನು ತಪ್ಪು?

ನಾನೂ ಹಾಗೇ ಅಂದುಕೊಂಡಿದ್ದೆ. ರಿಸರ್ವ್ ಬಾಟಲಿಯಲ್ಲಿ (ಹೆಚ್ಚುವರಿ ಕೂಲೆಂಟ್ ನಿಲ್ಲುವ ಪ್ಲಾಸ್ಟಿಕ್ ಬಾಟಲಿ) ಕೂಲೆಂಟ್ ಕಡಿಮೆ ಕಂಡಾಗಲೆಲ್ಲ ಒಂದು ಚೊಂಬು ಬಾವಿ ನೀರು. ಎಂಟೊಂಬತ್ತು ತಿಂಗಳು ಹೀಗೇ ನಡೆಯಿತು. ಬಾಟಲಿಯ ನೀರು ನಿಧಾನವಾಗಿ ಚಹಾದ ಬಣ್ಣಕ್ಕೆ ತಿರುಗಿತು, ಧೂಳು ಇರಬೇಕು ಅಂದುಕೊಂಡೆ. ಮೇ ತಿಂಗಳಲ್ಲಿ ಆಯಿಯನ್ನು (ಅಮ್ಮನನ್ನು) ಶಿರಸಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ದೇವಿಮನೆ ಘಟ್ಟದ ಅರ್ಧದಲ್ಲಿ ಎಸಿ ಇದ್ದಕ್ಕಿದ್ದಂತೆ ಬಿಸಿ ಗಾಳಿ ಬಿಡಲು ಶುರುವಾಯಿತು. ಎಸಿ ಗ್ಯಾಸ್ ಖಾಲಿ ಆಗಿರಬೇಕು ಅಂತ ಕಿಟಕಿ ಇಳಿಸಿ ಮುಂದೆ ಹೋದೆ. ಇನ್ನೆರಡು ತಿರುವು ದಾಟುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ. ಆಯಿಗೆ ಆಗ 71 ವರ್ಷ, ಬಿ.ಪಿ. ಇರುವವರು. ಫೋನಿಗೆ ಸಿಗ್ನಲ್ ಇಲ್ಲ. ಒಂದೂವರೆ ತಾಸು ಆ ತಿರುವಿನಲ್ಲಿ ಕೂತಿದ್ದೆವು. ಕೊನೆಗೆ ಅಡಿಕೆ ಹೇರಿಕೊಂಡು ಬಂದ ಗಾಡಿಯವರು ಆಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಿರಸಿ ಮುಟ್ಟಿಸಿದರು. ಆ ದಿನ ಹಣ ಹೋದದ್ದಕ್ಕಿಂತ ಆಯಿಯ ಮುಖದಲ್ಲಿ ಕಂಡ ಹೆದರಿಕೆ ನನಗೆ ಇವತ್ತಿಗೂ ನೆನಪಿದೆ.

ಗ್ಯಾರೇಜಿನಲ್ಲಿ ಹೋಸ್ ಪೈಪ್ ಬಿಚ್ಚಿದಾಗ ಒಳಗಿಂದ ಕೆಂಪು ಕೆಸರು ಬಂತು. ಚಿರೆಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ, ಬಟ್ಟೆ ಕೆಂಪಾಗುವುದನ್ನು ನೋಡಿಯೇ ಇರುತ್ತೀರಿ. ಇನ್ನು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ನಾಲಿಗೆಗೆ ಗೊತ್ತಾಗದಷ್ಟು ಉಪ್ಪೂ ಅಲ್ಯೂಮಿನಿಯಂ ತಿನ್ನಲು ಸಾಕು. ಇವತ್ತಿನ ಕಾರುಗಳಲ್ಲಿ ರೇಡಿಯೇಟರ್ ಅಲ್ಯೂಮಿನಿಯಂ, ಎಂಜಿನ್ನಿನ ಮೇಲ್ಭಾಗದ ಹೆಡ್ಡೂ ಅಲ್ಯೂಮಿನಿಯಂ. ನೀರಿನ ಸುಣ್ಣದಂಶ ಒಳಗೋಡೆಗೆ ಪದರವಾಗಿ ಕೂರುತ್ತದೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವ ಹಾಗೆ. ಆ ಪದರ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಮೇಲಾಗಿ, ಒಂದೊಂದು ಚೊಂಬು ನೀರು ಸೇರಿದಾಗಲೂ ಕೂಲೆಂಟ್ ತೆಳ್ಳಗಾಗುತ್ತದೆ, ಅದರಲ್ಲಿರುವ ತುಕ್ಕು ತಡೆಯುವ ಗುಣ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆಯೇ. ಕೂಲೆಂಟ್ ಯಾಕೆ ಕಡಿಮೆಯಾಗುತ್ತಿದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಅದು ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಪದೇ ಪದೇ ಕಡಿಮೆಯಾಗುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ. ನನ್ನ ಗಾಡಿಯಲ್ಲಿ ವಾಟರ್ ಪಂಪ್ ಸೀಲ್ ಸೋರುತ್ತಿತ್ತು.

ತೋಟದ ಅಬ್ಬಿ ನೀರು, ಮಳೆ ನೀರು, ಅಂಗಡಿಯ ಕುಡಿಯುವ ನೀರಿನ ಬಾಟಲಿ? ಎಸಿಯಿಂದ ಬಿದ್ದ ನೀರು?

ದಿನನಿತ್ಯಕ್ಕೆ ಯಾವುದೂ ಬೇಡ. ಅಬ್ಬಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಮಣ್ಣಿನ ಲವಣ ಇರುತ್ತದೆ. ಅಂಗಡಿಯ ಬಾಟಲಿ ನೀರಿನಲ್ಲಿ ಎಷ್ಟೋ ಸಲ ರುಚಿಗೆಂದು ಖನಿಜ ಸೇರಿಸಿರುತ್ತಾರೆ. ಎಸಿ ನೀರು ಪೈಪಿನ ಕೊಳೆ, ಲೋಹದ ಅಂಶ ಹೊತ್ತು ತರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕಿನಲ್ಲೇ ಸಿಗುತ್ತದೆ, ಅದನ್ನು ತನ್ನಿ. ಘಟ್ಟದ ಮಧ್ಯೆ ಬೇರೆ ದಾರಿ ಇಲ್ಲದಾಗ ಯಾವ ಸಿಹಿ ನೀರಾದರೂ ಸರಿ, ಆಮೇಲೆ ವಾರದೊಳಗೆ ಅದನ್ನು ಪೂರ್ತಿ ತೆಗೆಸಿ ಹೊಸ ಕೂಲೆಂಟ್ ತುಂಬಿಸಿ. ಉಪ್ಪು ನೀರನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ಹಸಿರು ಕೂಲೆಂಟಾ, ಕೆಂಪಾ, ನೀಲಿಯಾ?

ಬಣ್ಣ ನೋಡಿ ನಿರ್ಧಾರ ಮಾಡಬೇಡಿ. ಅದು ಕಂಪನಿ ಹಾಕುವ ಬಣ್ಣ ಅಷ್ಟೇ. ಒಂದು ಕಂಪನಿಯ ಹಸಿರು ಹಳೆ ತರಹದ್ದಾದರೆ ಇನ್ನೊಂದರ ಹಸಿರು ದೀರ್ಘ ಬಾಳಿಕೆಯದ್ದಾಗಿರಬಹುದು. ಎರಡು ಬೇರೆ ಜಾತಿಯ ಕೂಲೆಂಟ್ ಬೆರೆತರೆ ಒಂದರ ಗುಣವನ್ನು ಇನ್ನೊಂದು ಕೆಡಿಸುತ್ತದೆ, ಕೆಲವೊಮ್ಮೆ ಗಟ್ಟಿ ಲೋಳೆಯಾಗಿ ಸಣ್ಣ ನಾಳಗಳನ್ನು ಕಟ್ಟುತ್ತದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಯಾವುದು ಎಂದು ಬರೆದಿರುತ್ತದೆ, ಅದನ್ನೇ ಕೇಳಿ ತನ್ನಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿದ್ದು ಒಳಗೆ ಏನಿದೆ ಗೊತ್ತಿಲ್ಲದಿದ್ದರೆ ಒಮ್ಮೆ ಪೂರ್ತಿ ಫ್ಲಶ್ ಮಾಡಿಸಿ ಹೊಸದಾಗಿ ಶುರು ಮಾಡಿ.

ನೀರು ಸೇರಿಸದೆ ಬರೀ ಕೂಲೆಂಟ್ ತುಂಬಿದರೆ ಇನ್ನೂ ತಂಪಲ್ವಾ?

ಅಲ್ಲ, ಉಲ್ಟಾ. ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ನೀರೇ ಮುಂದೆ. ಕೂಲೆಂಟಿನ ಕೆಲಸ ಕುದಿಯುವ ಮಟ್ಟ ಏರಿಸುವುದು, ತುಕ್ಕು ತಡೆಯುವುದು. ಅದಕ್ಕೇ ಎರಡೂ ಬೇಕು. ಡಬ್ಬಿಯ ಮೇಲೆ ರೆಡಿ ಟು ಯೂಸ್ ಎಂದಿದ್ದರೆ ನೀರು ಆಗಲೇ ಬೆರೆತಿದೆ, ಹಾಗೇ ಹಾಕಿ. ಕಾನ್ಸಂಟ್ರೇಟ್ ಎಂದಿದ್ದರೆ ಡಬ್ಬಿಯಲ್ಲಿ, ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಡಿಸ್ಟಿಲ್ಡ್ ವಾಟರ್ ಸೇರಿಸಿ. ಸಾಮಾನ್ಯವಾಗಿ 30ರಿಂದ 50 ಶೇಕಡಾ ಕೂಲೆಂಟ್ ಇರುತ್ತದೆ. ಹಳೆ ಜಾತಿಯದ್ದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ದೀರ್ಘ ಬಾಳಿಕೆಯದ್ದು ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ. ಕಿಲೋಮೀಟರ್ ಆಗಿಲ್ಲ ಅಂತ ಸುಮ್ನೆ ಬಿಡಬೇಡಿ, ನಿಂತ ಗಾಡಿಯಲ್ಲೂ ಕೂಲೆಂಟ್ ಹಳತಾಗುತ್ತದೆ.

ನನ್ನ ಕಾರಿನಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ಹೇಗೆ ತಿಳಿಯುವುದು?

ಈಗಿನ ಎಷ್ಟೋ ಕಾರುಗಳಲ್ಲಿ ನೀಲಿ ದೀಪ, ಕೆಂಪು ದೀಪ ಮಾತ್ರ. ನೀಲಿ ಅಂದರೆ ಎಂಜಿನ್ ಇನ್ನೂ ತಣ್ಣಗಿದೆ. ಕೆಂಪು ಬಂತು ಅಂದರೆ ಯೋಚನೆ ಮಾಡುತ್ತಾ ಕೂರಬೇಡಿ, ಮುಂದಿನ ಪೇಟೆಯವರೆಗೆ ಹೋಗೋಣ ಅನ್ನಬೇಡಿ, ಜಾಗ ನೋಡಿ ಪಕ್ಕಕ್ಕೆ ತೆಗೆದುಕೊಳ್ಳಿ. ಮೆಕ್ಯಾನಿಕ್ ಗಾಡಿಯ ಕಂಪ್ಯೂಟರ್ ಪರೀಕ್ಷಿಸಲು ಬಳಸುವ ಓಬಿಡಿ ಸಾಕೆಟ್‌ಗೆ ಹಾಕುವ ಸಣ್ಣ ಬ್ಲೂಟೂತ್ ಸಾಧನ ಸಿಗುತ್ತದೆ, ಮೊಬೈಲಿನಲ್ಲಿ ಡಿಗ್ರಿ ನೋಡಬಹುದು. ವಾರವಾರ ಘಟ್ಟ ಹತ್ತುವವರು ಒಂದು ಇಟ್ಟುಕೊಂಡರೆ ಒಳ್ಳೆಯದು. ನಿಮ್ಮ ಗಾಡಿ ಎಂದಿನಂತೆ ಎಷ್ಟರಲ್ಲಿ ಇರುತ್ತದೆ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಘಟ್ಟದಲ್ಲಿ 100 ದಾಟಿದ ಕೂಡಲೇ ಗಾಬರಿ ಬೇಡ, ಎಂದಿಗಿಂತ ಎಷ್ಟು ಜಾಸ್ತಿ ಆಯಿತು, ಇಳಿಯುತ್ತಿದೆಯೋ ಏರುತ್ತಲೇ ಇದೆಯೋ ಅದು ಮುಖ್ಯ.

ಮುಳ್ಳು ಇರುವವರೂ ಒಂದು ವಿಷಯ ತಿಳಿದಿರಬೇಕು. ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಪೈಪ್ ಒಡೆದು ಎಲ್ಲ ಹರಿದುಹೋದರೆ ಮುಳ್ಳು ಮೇಲೇರುವ ಬದಲು ಕೆಳಗೆ ಇಳಿಯಬಹುದು. ಹತ್ತುವಾಗ ಮುಳ್ಳು ದಿಢೀರನೆ ತಣ್ಣನೆ ಕಡೆಗೆ ಬಿದ್ದರೆ ಖುಷಿಪಡಬೇಡಿ, ನಿಲ್ಲಿಸಿ ನೋಡಿ.

ಬಿಸಿಯಾಗುವ ಮೊದಲು ಗಾಡಿ ಏನಾದರೂ ಸೂಚನೆ ಕೊಡುತ್ತದೆಯೇ?

ಕೊಡುತ್ತದೆ, ವಾರಗಟ್ಟಲೆ ಮೊದಲೇ ಕೊಡುತ್ತದೆ. ಓಡುವಾಗ ಎಸಿ ತಂಪಾಗಿದ್ದು, ಕಾರವಾರದ ಪೇಟೆಯಲ್ಲಿ ಅಥವಾ ಹೆದ್ದಾರಿ ಕೆಲಸದ ಹತ್ತಿರ ಗಾಡಿ ನಿಂತಾಗ ಬಿಸಿಯಾಗುತ್ತದೆ ಅಂದರೆ ಫ್ಯಾನ್ ಸೊರಗಿದೆ, ಇಲ್ಲವೇ ಮುಂದಿನ ಜಾಲರಿ ಕಟ್ಟಿದೆ. ಹತ್ತುವಾಗ ಎಸಿ ತಾನಾಗಿ ಕಡಿದುಹೋಗುವುದು ಇನ್ನೂ ಗಂಭೀರ. ಎಂಜಿನ್ ಮಿತಿ ಮೀರಿ ಬಿಸಿಯಾದಾಗ ತುಂಬಾ ಕಾರುಗಳ ಕಂಪ್ಯೂಟರ್ ಎಸಿಯನ್ನು ನಿಲ್ಲಿಸುತ್ತದೆ. ನಾನು ಗ್ಯಾಸ್ ಖಾಲಿ ಅಂದುಕೊಂಡದ್ದು ಇದನ್ನೇ.

ಗಾಡಿ ನಿಲ್ಲಿಸಿ ಇಳಿದಾಗ ಸಿಹಿ ವಾಸನೆ, ಬೆಲ್ಲ ಕಾಯಿಸಿದ ಹಾಗೆ, ಬಂದರೆ ಅದು ಕೂಲೆಂಟ್. ಅದೇ ವಾಸನೆ ಒಳಗೆ ಬಂದು, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಮಂಜು ಕೂತರೆ ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕಾಯಿಲ್ ಸೋರುತ್ತಿದೆ. ಹೋಸ್ ಪೈಪನ್ನು ಎಂಜಿನ್ ತಣ್ಣಗಿರುವಾಗ ಒತ್ತಿ ನೋಡಿ. ಮೆತ್ತಗೆ ಉಬ್ಬಿದ್ದರೂ ತೊಂದರೆ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ತೊಂದರೆ. ಕ್ಲಿಪ್ಪಿನ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಲ್ಲಿ ಕೂಲೆಂಟ್ ಜಿನುಗಿ ಒಣಗಿದೆ ಎಂದರ್ಥ.

ಕಾರಿನ ಕೆಳಗೆ ನೀರು ಬಿದ್ದಿದೆ. ಎಸಿಯದ್ದಾ, ಕೂಲೆಂಟಾ?

ಬೆರಳಲ್ಲಿ ಮುಟ್ಟಿ. ಎಸಿ ನೀರು ಬಣ್ಣವಿಲ್ಲದ ಬರೀ ನೀರು, ಸಾಮಾನ್ಯವಾಗಿ ಮುಂದಿನ ಸೀಟಿನ ಕಾಲಿಡುವ ಜಾಗದ ಕೆಳಗೆ ಬೀಳುತ್ತದೆ. ನಮ್ಮ ಸೆಕೆಗೆ ಧಾರಾಳವಾಗಿ ಬೀಳುತ್ತದೆ, ಚಿಂತೆ ಬೇಡ. ಕೂಲೆಂಟ್ ಜಾರುತ್ತದೆ, ಬಣ್ಣವಿರುತ್ತದೆ, ಸಿಹಿ ವಾಸನೆ. ಅನುಮಾನ ಬಂದರೆ ರಾತ್ರಿ ಬಿಳಿ ರಟ್ಟು ಹಾಸಿ ಬೆಳಿಗ್ಗೆ ನೋಡಿ. ನೆಕ್ಕಿ ನೋಡಬೇಡಿ.

ಘಟ್ಟ ಹತ್ತುವಾಗ ಹೇಗೆ ಓಡಿಸಬೇಕು?

ಗೇರ್ ವಿಷಯದಲ್ಲೇ ಹೆಚ್ಚಿನವರು ಎಡವುತ್ತಾರೆ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಒತ್ತಿ ಎಂಜಿನ್ ಒದ್ದಾಡುವ ಹಾಗೆ ಹತ್ತಿಸುತ್ತಾರೆ, ಪೆಟ್ರೋಲ್, ಡೀಸೆಲ್ ಉಳಿಯುತ್ತದೆ ಅಂತ. ಆಗ ಎಂಜಿನ್ ಮೇಲೆ ಭಾರ ಜಾಸ್ತಿ. ತಿರುಗುವುದು ನಿಧಾನವಾದ್ದರಿಂದ ವಾಟರ್ ಪಂಪೂ ನಿಧಾನ. ಒಂದು ಗೇರ್ ಇಳಿಸಿ. ಎಂಜಿನ್ ಸ್ವಲ್ಪ ಜೋರಾಗಿ ತಿರುಗಲಿ, ಸದ್ದು ಬರಲಿ, ಪಂಪ್ ಚೆನ್ನಾಗಿ ಓಡುತ್ತದೆ. ಆಟೋಮ್ಯಾಟಿಕ್ ಗಾಡಿಯಾದರೆ ಮ್ಯಾನ್ಯುಯಲ್ ಮೋಡ್ ಅಥವಾ ಎಲ್ (ಕೆಳಗಿನ ಗೇರ್) ಇದ್ದರೆ ಬಳಸಿ. ತಿರುವಿನಲ್ಲಿ ಕ್ಲಚ್ ಅರ್ಧ ಒತ್ತಿ ಗಾಡಿ ಹಿಡಿದು ನಿಲ್ಲಿಸುವ ಅಭ್ಯಾಸವಿದ್ದರೆ ಬಿಡಿ, ಹ್ಯಾಂಡ್ ಬ್ರೇಕ್ ಇರುವುದು ಅದಕ್ಕೇ.

ಅರಬೈಲಿನಲ್ಲಿ ಭಾರ ಹೊತ್ತ ಲಾರಿಯ ಬೆನ್ನಿಗೆ ಬಿದ್ದರೆ ನಿಮ್ಮ ರೇಡಿಯೇಟರ್‌ಗೆ ಸಿಗುವುದು ಅದರ ಬಿಸಿ ಹೊಗೆ. ಹಿಂದಕ್ಕೆ ಸರಿದು ಅಂತರ ಬಿಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಐದು ಜನ, ಮೇಲೆ ಕ್ಯಾರಿಯರ್ ತುಂಬಾ ಸಾಮಾನು ಇದ್ದರೆ ಕಡಿದಾದ ಭಾಗದಲ್ಲಿ ಹತ್ತು ನಿಮಿಷ ಎಸಿ ಆರಿಸಿ, ಮುಳ್ಳು ಏರುತ್ತಿದ್ದರಂತೂ ಖಂಡಿತ ಆರಿಸಿ. ಸಾಧ್ಯವಾದರೆ ಬೆಳಿಗ್ಗೆ ಬೇಗ ಹೊರಡಿ. ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋಗುವವರು ಇನ್ನೂ ಬೇಗ: ಪೇಟೆ ಹತ್ತಿರ ಗಾಡಿಗಳು ಸಾಲುಗಟ್ಟಿ ತೆವಳುವಾಗ ಎದುರುಗಾಳಿ ಇರುವುದಿಲ್ಲ, ಆಗ ಫ್ಯಾನ್ ಒಂದೇ ಗತಿ.

ಬಿಸಿಯಾಗೇ ಹೋಯಿತು. ಈಗ ಏನು ಮಾಡಲಿ?

ಮುಳ್ಳು ಎಂದಿಗಿಂತ ಮೇಲೆ ಹೋಗಿದೆ, ಕೆಂಪು ಇನ್ನೂ ಮುಟ್ಟಿಲ್ಲ, ಹಬೆ ಇಲ್ಲ ಅಂದರೆ: ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಮೇ ತಿಂಗಳಲ್ಲಿ ಹೀಟರ್ ಹಾಕುವುದು ಹಿಂಸೆಯೇ. ಆದರೆ ಹೀಟರ್ ಅಂದರೆ ಇನ್ನೊಂದು ಸಣ್ಣ ರೇಡಿಯೇಟರ್, ಎಂಜಿನ್ನಿನ ಬಿಸಿಯನ್ನು ಅದೂ ಹೊರಗೆ ಎಳೆಯುತ್ತದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಡಿ, ಪಂಪು ಫ್ಯಾನು ಎರಡೂ ಕೆಲಸ ಮಾಡುತ್ತಿದ್ದರೆ ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಹೀಟರ್ ಹಾಕಿದರೂ ತಣ್ಣನೆ ಗಾಳಿ ಬಂದರೆ ಒಳಗೆ ಕೂಲೆಂಟ್ ಇಲ್ಲ ಅಥವಾ ಹರಿಯುತ್ತಿಲ್ಲ ಎಂದರ್ಥ, ಕೂಡಲೇ ಆಫ್ ಮಾಡಿ.

ಹಬೆ ಬಂದರೆ, ಕೆಂಪು ದೀಪ ಬಂದರೆ, ಕೆಳಗೆ ಕೂಲೆಂಟ್ ಸುರಿಯುತ್ತಿದ್ದರೆ ಯಾವ ಯೋಚನೆಯೂ ಬೇಡ. ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಘಟ್ಟದ ತಿರುವಿನಲ್ಲಿ ನಿಲ್ಲಿಸಬೇಡಿ, ಸ್ವಲ್ಪ ನೇರ ರಸ್ತೆ ನೋಡಿ, ಹಜಾರ್ಡ್ ದೀಪ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಮಕ್ಕಳನ್ನು ಕೆಳಗಿಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಹಬೆ ನಿಲ್ಲುವವರೆಗೆ ಬಾನೆಟ್ ಎತ್ತಬೇಡಿ. ಎಂಜಿನ್ ಮೇಲೆ ಕೊಡದಿಂದ ನೀರು ಸುರಿಯುವುದನ್ನು ನೋಡಿದ್ದೇನೆ, ದಯವಿಟ್ಟು ಮಾಡಬೇಡಿ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಹೆಡ್ ಬೆಂಡ್ ಆಗಬಹುದು, ಬಿರುಕು ಬಿಡಬಹುದು.

ಕ್ಯಾಪ್ ಯಾವಾಗ ತೆಗೆಯಬಹುದು?

ಕನಿಷ್ಠ ಅರ್ಧ ಮುಕ್ಕಾಲು ತಾಸು ಕಾಯಿರಿ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಆರಾಮಾಗಿ ಹಿಡಿಯುವಂತಾಗಬೇಕು, ಒತ್ತಿದರೆ ಮೆತ್ತಗಿರಬೇಕು. ಇಲ್ಲಿ ಅವಸರ ಮಾಡಿ ಮುಖ, ಎದೆ, ಕೈ ಸುಟ್ಟುಕೊಂಡವರಿದ್ದಾರೆ. ಒತ್ತಡ ಇರುವವರೆಗೆ 100 ಡಿಗ್ರಿ ದಾಟಿದರೂ ಕುದಿಯದೆ ಕೂತಿದ್ದ ಕೂಲೆಂಟ್, ಕ್ಯಾಪ್ ಸಡಿಲವಾದ ಕ್ಷಣ ಒಟ್ಟಿಗೇ ಕುದಿದು ಹಾರುತ್ತದೆ. ರೇಡಿಯೇಟರ್ ಕ್ಯಾಪ್ ಅಲ್ಲ, ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತಾನೇ ಅಂತಲೂ ಅಂದುಕೊಳ್ಳಬೇಡಿ. ಈಗಿನ ಎಷ್ಟೋ ಕಾರುಗಳಲ್ಲಿ ಒತ್ತಡದ ಕ್ಯಾಪ್ ಇರುವುದೇ ಆ ಬಾಟಲಿಯ ಮೇಲೆ. ತಣ್ಣಗಾದ ಮೇಲೂ ದಪ್ಪ ಬಟ್ಟೆ ಮುಚ್ಚಿ, ಮುಖ ಹಿಂದಕ್ಕಿಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸಿ.

ನೀರು ತುಂಬಿಕೊಂಡು ಮನೆವರೆಗೆ ಓಡಿಸಬಹುದಾ?

ಎಲ್ಲಿ ಸೋರುತ್ತಿದೆ ಎನ್ನುವುದರ ಮೇಲಿದೆ. ಸಣ್ಣ ಜಿನುಗು, ತುಂಬಿದ ನೀರು ನಿಲ್ಲುತ್ತಿದೆ ಅಂದರೆ ನಿಧಾನವಾಗಿ, ಎಸಿ ಇಲ್ಲದೆ, ಮುಳ್ಳಿನ ಮೇಲೆ ಕಣ್ಣಿಟ್ಟು ಹತ್ತಿರದ ಗ್ಯಾರೇಜಿಗೆ ಹೋಗಿ. ಸುರಿದದ್ದೆಲ್ಲ ಕೆಳಗೆ ಹರಿದರೆ, ಅಥವಾ ಐದು ನಿಮಿಷದಲ್ಲಿ ಮತ್ತೆ ಬಿಸಿಯಾದರೆ ಟೋ ಮಾಡಿಸಿ. ಟೋ ಗಾಡಿಯ ಬಾಡಿಗೆ ದುಬಾರಿ ಅನ್ನಿಸುತ್ತದೆ. ಹೆಡ್ ಬಿಚ್ಚಿ, ಫೇಸಿಂಗ್ ಮಾಡಿಸಿ (ಬೆಂಡಾದ ಹೆಡ್ಡನ್ನು ಸಮತಟ್ಟು ಮಾಡುವುದು), ಗ್ಯಾಸ್ಕೆಟ್ (ಹೆಡ್ಡಿಗೂ ಎಂಜಿನ್ನಿಗೂ ನಡುವಿನ ಸೀಲು) ಹಾಕಿಸಿದ ಬಿಲ್ ನೋಡಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ.

ಹೆಡ್ ಗ್ಯಾಸ್ಕೆಟ್ ಹೋಗಿದೆಯೇ ಎಂದು ಹೇಗೆ ತಿಳಿಯುವುದು?

ಎಂಜಿನ್ ಓಡುವಾಗ ರಿಸರ್ವ್ ಬಾಟಲಿಯಲ್ಲಿ ಒಂದೇ ಸಮನೆ ಗುಳ್ಳೆ, ಸೈಲೆನ್ಸರಿನಿಂದ ಎಂಜಿನ್ ಕಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಹೊರಗೆಲ್ಲೂ ಸೋರದೆ ಕೂಲೆಂಟ್ ಮಾಯವಾಗುವುದು, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಚಹಾದಂತೆ ಆಗುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಓಡಿಸುವುದನ್ನು ನಿಲ್ಲಿಸಿ. ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಆಯಿಲ್ ಕ್ಯಾಪಿನ ಒಳಗೆ ಸ್ವಲ್ಪ ಬೆಣ್ಣೆಯಂತಹ ನೊರೆ ಕಾಣಬಹುದು. ಅದು ತೇವಾಂಶ. ಡಿಪ್‌ಸ್ಟಿಕ್ ಶುದ್ಧವಾಗಿದ್ದು ಕೂಲೆಂಟ್ ಮಟ್ಟ ಇಳಿಯದಿದ್ದರೆ ಹೆದರಬೇಡಿ, ಅಷ್ಟಕ್ಕೇ ಹೆಡ್ ಬಿಚ್ಚಲು ಒಪ್ಪಬೇಡಿ.

ಫ್ಯಾನ್ ತಿರುಗುತ್ತಿಲ್ಲ ಅನ್ನಿಸುತ್ತದೆ. ಮನೆಯಲ್ಲೇ ನೋಡಬಹುದಾ?

ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಕೆಲವೇ ಕ್ಷಣದಲ್ಲಿ ಮುಂದಿನ ಫ್ಯಾನ್ ತಿರುಗಬೇಕು. ಆಮೇಲೆ ಎಸಿ ಆರಿಸಿ ಹದಿನೈದು ಇಪ್ಪತ್ತು ನಿಮಿಷ ಐಡಲ್ ಬಿಡಿ, ಎಂಜಿನ್ ಕಾದಾಗ ತಾನಾಗಿ ಶುರುವಾಗಿ ತಾನಾಗಿ ನಿಲ್ಲಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ರಿಲೇ, ಕನೆಕ್ಟರ್ ನೋಡಿಸಿ. ಕಡಲಿನ ಹತ್ತಿರದ ಮನೆಗಳ ಗಾಡಿಗಳಲ್ಲಿ ಕನೆಕ್ಟರ್ ಪಿನ್ ಹಸಿರು ಕಟ್ಟುವುದು ಮಾಮೂಲು. ಕೈ ಮಾತ್ರ ಹಾಕಬೇಡಿ, ಎಂಜಿನ್ ಆಫ್ ಆದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು. ಕೆಲವರು ಸ್ವಿಚ್ ಕೊಟ್ಟು ಫ್ಯಾನನ್ನು ಡೈರೆಕ್ಟ್ ಮಾಡಿಕೊಡುತ್ತಾರೆ. ಮನೆ ಮುಟ್ಟಲು ಸರಿ, ಕಾಯಂ ಬೇಡ.

ಬೀಚಿನ ಹತ್ತಿರ ಮನೆ. ರೇಡಿಯೇಟರ್ ಬೇಗ ಹಾಳಾಗುತ್ತದಂತೆ, ಹೌದಾ?

ಹೌದು. ರೇಡಿಯೇಟರ್‌ನ ತೆಳು ರೆಕ್ಕೆಗಳ ಮೇಲೆ ಉಪ್ಪಿನ ಹನಿ ಕೂರುತ್ತದೆ, ಅದರ ಮೇಲೆ ಕೆಂಪು ಧೂಳು ಅಂಟುತ್ತದೆ. ವರ್ಷಗಳು ಕಳೆದಂತೆ ರೆಕ್ಕೆಗಳು ಪುಡಿಯಾಗಿ ಉದುರುತ್ತವೆ. ನಾಳದಲ್ಲಿ ನೀರಿದ್ದರೂ ಬಿಸಿ ಗಾಳಿಗೆ ದಾಟುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ, ಎಂಜಿನ್ ತಣ್ಣಗಿರುವಾಗ, ತೋಟದ ಪೈಪಿನ ಮೆಲ್ಲನೆ ನೀರಿನಲ್ಲಿ ಸಿಹಿ ನೀರು ಬಿಟ್ಟು ತೊಳೆಯಿರಿ. ಸಾಧ್ಯವಾದರೆ ಎಂಜಿನ್ ಕಡೆಯಿಂದ ಮುಂದಕ್ಕೆ ಬರುವ ಹಾಗೆ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರದಿಂದ ಹೊಡೆದರೆ ರೆಕ್ಕೆ ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ, ಬೇಡ ಎಂದು ಮೊದಲೇ ಹೇಳಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಒಣಗಿದ ಎಲೆ, ಹುಳ, ಮಣ್ಣು ತುಂಬಿರುತ್ತದೆ, ಹೊರಗಿಂದ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ತೆಗೆಸಿ. ಗ್ರಿಲ್ಲಿಗೆ ದೊಡ್ಡ ಲೈಟು, ಬಾವುಟ, ಬೋರ್ಡು ಕಟ್ಟಿದ್ದರೆ ಘಟ್ಟಕ್ಕೆ ಹೋಗುವ ಮೊದಲು ಬಿಚ್ಚಿ.

ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡಿ, ಗಾಡಿ ತಂಪಾಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ.

ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಹಾಕಿಕೊಂಡರೆ ಬದಲಿಸಬೇಕು, ತೆಗೆದೇ ಬಿಡುವುದಲ್ಲ. ವಾಲ್ವ್ ಇಲ್ಲದೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್, ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಇಲ್ಲದಿದ್ದರೆ ಕೂಲೆಂಟ್ ಒಳದಾರಿಯಲ್ಲೇ ಸುತ್ತಿ, ರೇಡಿಯೇಟರ್‌ಗೆ ಕಡಿಮೆ ಹೋಗಿ ಇನ್ನೂ ಬಿಸಿಯಾಗುತ್ತದೆ. ಹೊಸ ವಾಲ್ವ್ ಹಾಕಿಕೊಡಿ ಅಣ್ಣ ಎಂದು ಸಮಾಧಾನವಾಗಿ, ಆದರೆ ಗಟ್ಟಿಯಾಗಿ ಹೇಳಿ.

ಅರಿಶಿನ ಪುಡಿ ಹಾಕಿದರೆ ಸೋರುವುದು ನಿಲ್ಲುತ್ತದಂತೆ?

ನಿಲ್ಲಬಹುದು, ಪುಡಿ ಹೋಗಿ ತೂತಿಗೆ ಕೂರುತ್ತದೆ. ಆದರೆ ಅದಕ್ಕೆ ತೂತು ಯಾವುದು, ನಾಳ ಯಾವುದು ಎಂದು ಗೊತ್ತಿಲ್ಲ. ರೇಡಿಯೇಟರ್‌ನ ಸಣ್ಣ ನಾಳಗಳನ್ನೂ ಹೀಟರ್ ಕಾಯಿಲನ್ನೂ ಕಟ್ಟುತ್ತದೆ. ಡಬ್ಬಿಯಲ್ಲಿ ಸಿಗುವ ಲೀಕ್ ಸ್ಟಾಪ್‌ಗೂ ಇದೇ ಮಾತು. ಕಾಡಿನ ನಡುವೆ, ರಾತ್ರಿ, ಮಕ್ಕಳ ಜೊತೆ ಸಿಕ್ಕಿಬಿದ್ದಾಗ ಬಿಟ್ಟರೆ ಬೇರೆ ಯಾವಾಗಲೂ ಬೇಡ.

ಇಲಿ ಪೈಪ್ ಕಡಿಯುತ್ತದೆ. ಏನು ಮಾಡುವುದು?

ಅಡಿಕೆ ತೋಟದ ನಡುವಿನ ಮನೆಗಳಲ್ಲಿ, ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸುವವರಿಗೆ ಇದು ನಿಜವಾದ ತೊಂದರೆ. ಎಂಜಿನ್ ಬೆಚ್ಚಗಿರುತ್ತದೆ, ಮಳೆಗಾಲದಲ್ಲಿ ಇಲಿಗೆ ಒಳ್ಳೆ ಜಾಗ. ಸಣ್ಣ ಪೈಪ್, ಸೆನ್ಸರ್ ವೈರ್ ಕಡಿಯುತ್ತವೆ. ಹತ್ತಿ, ಸಿಪ್ಪೆ, ಹಿಕ್ಕೆ ಕಂಡರೆ ಎಲ್ಲ ಪೈಪನ್ನೂ ಟಾರ್ಚ್ ಹಿಡಿದು ನೋಡಿ. ಬೆಳೆ, ಹಿಂಡಿ ಚೀಲಗಳಿಂದ ದೂರ ನಿಲ್ಲಿಸಿ. ಎರಡು ಮೂರು ದಿನಕ್ಕೊಮ್ಮೆ ಬಾನೆಟ್ ತೆರೆದರೆ ಗೂಡು ಕಟ್ಟಿದ್ದು ಬೇಗ ಗೊತ್ತಾಗುತ್ತದೆ.

ಹಳೆ ಕೂಲೆಂಟ್ ಎಲ್ಲಿ ಚೆಲ್ಲಬೇಕು?

ಅಂಗಳದಲ್ಲಿ, ಗಟಾರದಲ್ಲಿ, ಬಾವಿ ಹತ್ತಿರ ಬೇಡವೇ ಬೇಡ. ಹೆಚ್ಚಿನ ಕೂಲೆಂಟ್‌ಗಳಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್. ಅದು ವಿಷ, ಆದರೆ ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ, ಕರು ಕುಡಿಯುತ್ತದೆ, ಮಕ್ಕಳಿಗೆ ಶರಬತ್ತಿನ ಬಣ್ಣ ಕಾಣುತ್ತದೆ. ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹಾಳಾಗಿ ಜೀವಕ್ಕೆ ಕುತ್ತು. ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಉಳಿದ ಕೂಲೆಂಟ್ ತುಂಬಿಡುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ಇವತ್ತೇ ನಿಲ್ಲಿಸಿ, ಮೂಲ ಡಬ್ಬಿಯಲ್ಲೇ ಇಟ್ಟು ಎತ್ತರದಲ್ಲಿಡಿ. ಚೆಲ್ಲಿದರೆ ಮಣ್ಣು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ ತೆಗೆಯಿರಿ. ಹಳತನ್ನು ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಯಾರಾದರೂ ಕುಡಿದಿದ್ದಾರೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತಾ ಕೂರದೆ ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ.

ಎಲೆಕ್ಟ್ರಿಕ್ ಕಾರಿಗೆ ಇದೆಲ್ಲ ಇಲ್ಲ ಅಲ್ವಾ?

ಎಂಜಿನ್ ಇಲ್ಲ, ಆದರೆ ಬ್ಯಾಟರಿ, ಮೋಟಾರ್ ತಂಪು ಮಾಡಲು ಹೆಚ್ಚಿನ ಕಾರುಗಳಲ್ಲಿ ಕೂಲೆಂಟ್ ಇದ್ದೇ ಇದೆ. ಅದಕ್ಕೆ ಕಂಪನಿ ಹೇಳಿದ್ದೇ ಬೇಕು. ಮನೆಯಲ್ಲಿ ಏನನ್ನೂ ತುಂಬಬೇಡಿ, ಮಟ್ಟ ಕಡಿಮೆ ಕಂಡರೆ ಸರ್ವಿಸ್ ಸೆಂಟರಿಗೆ ಹೋಗಿ.

ಬೇಸಿಗೆಗೆ ಮೊದಲು ಗ್ಯಾರೇಜಿನಲ್ಲಿ ಏನು ಹೇಳಬೇಕು?

ಫೆಬ್ರವರಿಯಲ್ಲೇ ಹೋಗಿ, ಏಪ್ರಿಲ್‌ನಲ್ಲಿ ಅವರಿಗೂ ಪುರುಸೊತ್ತಿರುವುದಿಲ್ಲ. ಸುಮ್ನೆ "ಚೆಕ್ ಮಾಡಿ" ಅನ್ನಬೇಡಿ. ಪ್ರೆಷರ್ ಟೆಸ್ಟ್ ಮಾಡಿ ಅನ್ನಿ: ಎಂಜಿನ್ ತಣ್ಣಗಿರುವಾಗ ಪಂಪಿನಿಂದ ಒತ್ತಡ ಕೊಟ್ಟು ಸೋರಿಕೆ ಹುಡುಕುವ ಪರೀಕ್ಷೆ, ಕ್ಯಾಪನ್ನೂ ಅದರಲ್ಲೇ ನೋಡಬಹುದು. ಬೆಲ್ಟ್, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಲ್ಲಿ ಒಸರು, ಹೋಸ್, ಕ್ಲಿಪ್, ಫ್ಯಾನ್ ಎರಡೂ ಸ್ಪೀಡ್ ನೋಡಲು ಹೇಳಿ. ಟೈಮಿಂಗ್ ಬೆಲ್ಟಿನಿಂದ ಓಡುವ ಪಂಪ್ ಆದರೆ ಬೆಲ್ಟ್ ಬದಲಿಸುವಾಗ ಪಂಪೂ ಬದಲಿಸಿ, ಬಿಚ್ಚುವ ಕೂಲಿ ಒಂದೇ. ಕೂಲೆಂಟ್ ಬದಲಿಸಿದ ಮೇಲೆ ಏರ್ ತೆಗೆದಿದ್ದಾರಾ ಎಂದು ಕೇಳಿ. ಒಳಗೆ ಗಾಳಿ ಉಳಿದರೆ ಹೊಸ ಕೂಲೆಂಟ್ ಇದ್ದೂ ಬಿಸಿಯಾಗುತ್ತದೆ. ಮರುದಿನ ಬೆಳಿಗ್ಗೆ ಮಟ್ಟ ಸ್ವಲ್ಪ ಇಳಿದಿರಬಹುದು, ಅದು ಸಹಜ, ತುಂಬಿಸಿ. ಮೂರನೇ ದಿನವೂ ಇಳಿದರೆ ವಾಪಸ್ ಹೋಗಿ.

ಗಾಡಿಯಲ್ಲಿ ಏನು ಇಟ್ಟುಕೊಂಡಿರಬೇಕು?

ನನ್ನ ಡಿಕ್ಕಿಯಲ್ಲಿ ಒಂದು ಲೀಟರ್ ಕೂಲೆಂಟ್, ಐದು ಲೀಟರ್ ಡಿಸ್ಟಿಲ್ಡ್ ವಾಟರ್, ಹಳೆ ಟವೆಲ್, ಟಾರ್ಚ್, ಎರಡು ಹೋಸ್ ಕ್ಲಿಪ್, ಒಂದು ಸ್ಕ್ರೂ ಡ್ರೈವರ್, ಬಿಡಿ ಫ್ಯೂಸ್ ಇರುತ್ತವೆ. ಕುಡಿಯುವ ನೀರು ಬೇರೆ, ಅದನ್ನು ರೇಡಿಯೇಟರ್‌ಗೆ ಅಂತ ಲೆಕ್ಕ ಹಿಡಿಯಬೇಡಿ. ಭಾನುವಾರ ಬೆಳಿಗ್ಗೆ, ಎಂಜಿನ್ ಶುರು ಮಾಡುವ ಮೊದಲು, ಬಾಟಲಿಯ ಮೇಲಿನ ಎರಡು ಗೆರೆಗಳ ನಡುವೆ ಕೂಲೆಂಟ್ ಇದೆಯೇ ನೋಡುತ್ತೇನೆ, ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ತಾರೀಖು ಬರೆಯುತ್ತೇನೆ. ಆಯಿ ಈಗಲೂ ಶಿರಸಿಗೆ ಹೊರಡುವ ದಿನ ಕಾರು ಹತ್ತುವ ಮೊದಲು "ನೀರು ನೋಡಿದ್ಯನೋ?" ಎಂದು ಕೇಳುತ್ತಾರೆ, ನಾನು ಚೀಟಿ ತೋರಿಸುತ್ತೇನೆ.